ಸುಣ್ಣದಲ್ಲಿ ಎಳೆದ ಸ್ಟೇಡಿಯಂ

ನಮ್ಮ ಬಡಾವಣೆಯ ಮೈದಾನ ಅಗೆದು ಹೊಸ ಸ್ಟೇಡಿಯಂ ಕಟ್ಟುತ್ತಾರೆ ಅಂತ ಸುದ್ದಿ ಬಂತು. ಆಡೋಕೆ ಜಾಗ ಉಳಿಯುತ್ತಾ ಅಂತ ಜನ ಕೇಳಿದರೆ, ಎಂಜಿನಿಯರ್ ಸಾಹೇಬರು, "ನಿಮಗೆಲ್ಲ ನಕ್ಷೆ ಓದೋಕೆ ಬರಲ್ಲ" ಅಂದುಬಿಟ್ಟರು.

ಮೈದಾನದ ಮಾಲಿ ಮರಿಮಾದಯ್ಯ ಮೂವತ್ತು ವರ್ಷ ಕ್ರಿಕೆಟ್ ಪಿಚ್ಚಿಗೆ ಗೆರೆ ಎಳೆದವನು. ಗೇಟಿಗೆ ಅಂಟಿಸಿದ್ದ ಆ ನಕ್ಷೆಯನ್ನೇ ಅಳತೆ ತಪ್ಪದೆ ಮೈದಾನದಲ್ಲಿ ಸುಣ್ಣದಿಂದ ಎಳೆದ. ಅಂಗಡಿ, ಹೋಟೆಲು, ಪಾರ್ಕಿಂಗು. ಆಟಕ್ಕೆ ನಡುವೆ ಒಂದು ಚೌಕ.

ಗುದ್ದಲಿ ಪೂಜೆಯ ದಿನ ಸಾಹೇಬರು ಫೋಟೋಗೆಂದು ಚೆಂಡು ಹಿಡಿದು, ಬೌಲಿಂಗಿಗೆ ಓಡಿಬರಲು ಹಿಂದೆ ಸರಿದರು.

"ಅಲ್ಲೇ ನಿಂತ್ಕಳಿ ಬುದ್ಧಿ. ಇನ್ನೊಂದು ಹೆಜ್ಜೆ ಇಟ್ರೆ ಹೋಟ್ಲು ಅಡುಗೆಮನೆ," ಎಂದ ಮರಿಮಾದಯ್ಯ.

ಜನ ನಕ್ಕರು. ಸಾಹೇಬರು ಗೆರೆಗಳನ್ನು ನೋಡಿದರು. "ಮತ್ತೆ ಎಲ್ಲಿಂದ ಓಡಿಬರೋದಯ್ಯಾ?"

"ಇವರೂ ಅದನ್ನೇ ಕೇಳ್ತಿರೋದು, ಬುದ್ಧಿ."

ಸಾಹೇಬರು ಚೆಂಡನ್ನು ಅವನ ಕೈಗಿಟ್ಟು, "ಮೇಲಿಂದ ಸಹಿ ಆಗೋಗಿದೆಯಯ್ಯಾ" ಎಂದರು, ಮೆಲ್ಲಗೆ.

ಆ ಹೋಟೆಲಿನಲ್ಲಿ ಈಗ ದೋಸೆ ಚೆನ್ನಾಗಿರುತ್ತದಂತೆ. ಮರಿಮಾದಯ್ಯ ಇನ್ನೂ ತಿಂದಿಲ್ಲ.