ಕಂಡಿಯಿಲ್ಲದ ಬೇಲಿ

ತಿಪ್ಪೇಶನಿಗೆ ಒಂದು ಅಭ್ಯಾಸವಿತ್ತು. ತಾನು ಮಾತಾಡುವಾಗ ಮಾಸ್ಕನ್ನು ಗದ್ದಕ್ಕೆ ಇಳಿಸುತ್ತಿದ್ದ. ಬೇರೆಯವರು ಮಾತಾಡುವಾಗ ಮೂಗಿನ ಮೇಲಕ್ಕೆ ಏರಿಸುತ್ತಿದ್ದ. ಕೇಳುವುದಕ್ಕಿಂತ ಹೇಳುವುದು ಅವನಿಗೆ ಹೆಚ್ಚು ಇಷ್ಟ. ಹಾಗಾಗಿ ಮಾಸ್ಕು ಬಹಳ ಹೊತ್ತು ಗದ್ದದ ಮೇಲೆಯೇ ಇರುತ್ತಿತ್ತು.

ಅದು ರೋಗದ ಎರಡನೆಯ ಅಲೆಯ ಕಾಲ. ಗುಡ್ಡದ ಮಠದಲ್ಲಿ ದಾಸೋಹ ನಿಂತಿತ್ತು. ಭಕ್ತರಿರಲಿಲ್ಲ. ಕರಿಸಿದ್ಧಯ್ಯ ಗುರುಗಳು ಜಗಲಿಯ ಒಂದು ತುದಿಯಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಅವರ ಶಿಷ್ಯ ತಿಪ್ಪೇಶ ಗುಡ್ಡದ ಕೆಳಗಿನ ತನ್ನೂರಿನಿಂದ ಬಂದು ಇನ್ನೊಂದು ತುದಿಯಲ್ಲಿ ಕುಳಿತ. ಕುಳಿತವನೇ ಮಾಸ್ಕು ಇಳಿಸಿದ.

"ಗುರುಗಳೇ, ಒಂದೇ ಒಂದು ಪ್ರಶ್ನೆ."

ಪ್ರಶ್ನೆಗೆ ಮೊದಲು ದೂರುಗಳು ಬಂದವು. ಪಂಚಾಯಿತಿ ಅಧ್ಯಕ್ಷರು ಊರಿಗೆಲ್ಲ ಔಷಧ ಸಿಂಪಡಿಸುತ್ತೇವೆಂದು ಹೇಳಿ ತಮ್ಮ ಬೀದಿಗೆ ಮಾತ್ರ ಸಿಂಪಡಿಸಿದರು. ಶಾಸಕರು ಕಿಟ್ ಹಂಚಿದರು. ಚೀಲದ ಮೇಲಿನ ಅವರ ಮುಖ ಚೀಲದೊಳಗಿನ ಬೇಳೆಗಿಂತ ದೊಡ್ಡದಿತ್ತು. ಗುಂಪು ಸೇರಬೇಡಿ ಎಂದು ಹೇಳಲು ತಾಲ್ಲೂಕಿನವರು ಇನ್ನೂರು ಜನರನ್ನು ಶಾಮಿಯಾನದ ಕೆಳಗೆ ಸೇರಿಸಿದರು. ಲಸಿಕೆಗೆ ಹೋದರೆ ನಾಳೆ ಬನ್ನಿ ಎನ್ನುತ್ತಾರೆ. ನಾಳೆ ಹೋದರೆ ನಿನ್ನೆ ಯಾಕೆ ಬರಲಿಲ್ಲ ಎನ್ನುತ್ತಾರೆ.

"ಜನ ಸಾಯುತ್ತಿದ್ದಾರೆ ಗುರುಗಳೇ. ಇಂಥ ಕಾಲದಲ್ಲೂ ಆಳುವವರಿಗೆ ಬುದ್ಧಿ ಬರುವುದಿಲ್ಲವಲ್ಲ, ಅದೇಕೆ?"

ಗುರುಗಳು ಕೈಯಲ್ಲಿದ್ದ ಹಣ್ಣನ್ನು ಕೆಳಗಿಟ್ಟರು.

"ಅದು ನನಗೆ ಗೊತ್ತಿಲ್ಲ ಕಣಪ್ಪ. ಬೇಲಿ ಹಾಕಿಕೊಂಡ ಒಂದು ಊರಿನ ವಿಷಯ ಗೊತ್ತು. ಕೇಳುತ್ತೀಯಾ?"

ತಿಪ್ಪೇಶ ಮಾಸ್ಕು ಏರಿಸಿದ. ಗುರುಗಳು ಹೇಳಿದರು.

ಹಿಂದೆ ಒಂದು ಊರಿತ್ತು. ಸುತ್ತಲಿನ ಊರುಗಳಲ್ಲಿ ಒಂದು ಜಾಡ್ಯ ಹಬ್ಬಿತು. ಈ ಊರಿನ ಗೌಡ ಜನರನ್ನು ಸೇರಿಸಿ ಊರ ಸುತ್ತ ಬೇಲಿ ಹಾಕಿಸಿದ. ಆಳೆತ್ತರದ ಜಾಲಿಮುಳ್ಳಿನ ಬೇಲಿ. ಅದಕ್ಕೆ ಒಂದೇ ಬಾಗಿಲು. ಬಾಗಿಲಿಗೆ ಒಬ್ಬ ಕಾವಲುಗಾರ. ಗೌಡ ಅವನಿಗೆ ಮೂರು ಅಪ್ಪಣೆ ಕೊಟ್ಟ. ಗೌಡನ ಮುದ್ರೆ ತೋರಿಸದೆ ಯಾರೂ ಒಳಗೆ ಬರಬಾರದು, ಯಾರೂ ಹೊರಗೆ ಹೋಗಬಾರದು. ಒಳಗಿನ ವಸ್ತು ಹೊರಗೆ, ಹೊರಗಿನ ವಸ್ತು ಒಳಗೆ ದಾಟಬಾರದು. ಹೊರಗೆ ನಿಂತವರು ಏನು ಹೇಳಿದರೂ ಕೇಳಬಾರದು.

ಬಾಗಿಲು ಮುಚ್ಚಲು ಪುರೋಹಿತ ಮುಹೂರ್ತ ಇಟ್ಟ. ಮುಹೂರ್ತಕ್ಕೆ ಸ್ವಲ್ಪ ಮೊದಲು ಗೌಡ ಹೊರಗೆ ಹೋದ. ತನ್ನ ಬೇಲಿ ಹೊರಗಿನಿಂದ ಹೇಗೆ ಕಾಣುತ್ತದೆ ಎಂದು ನೋಡುವ ಆಸೆ ಅವನಿಗೆ. ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದ. ಚೆನ್ನಾಗಿ ಕಂಡಿತು. ಇನ್ನೂ ನಾಲ್ಕು ಹೆಜ್ಜೆ ಸರಿದ. ಇನ್ನೂ ಚೆನ್ನಾಗಿ ಕಂಡಿತು. ಅಷ್ಟರಲ್ಲಿ ಮುಹೂರ್ತ ಬಂತು. ಕಾವಲುಗಾರ ಬಾಗಿಲು ಮುಚ್ಚಿದ.

"ಲೋ, ತೆಗೆಯೋ! ನಾನು!"

"ಗೊತ್ತು ಗೌಡರೇ. ಮುದ್ರೆ ತೋರಿಸಿ."

"ಮುದ್ರೆ ಮನೆಯ ಗೂಡಿನಲ್ಲಿದೆ ಕಣೋ. ತರಿಸು."

"ಗೂಡಿನಲ್ಲಿದ್ದರೆ ಅದು ಒಳಗಿನ ವಸ್ತು. ಹೊರಗೆ ಬರುವ ಹಾಗಿಲ್ಲ."

ಗೌಡ ಬೈಯತೊಡಗಿದ. ಕಾವಲುಗಾರ ಕಿವಿಗೆ ಹತ್ತಿ ಇಟ್ಟುಕೊಂಡ. ಅದೂ ಗೌಡನ ಅಪ್ಪಣೆಯೇ ಆಗಿತ್ತು.

ಬೇಲಿಯ ಹೊರಗೆ, ಬಾಗಿಲಿಗೆ ಎದುರಾಗಿ, ಒಂದೇ ಒಂದು ಗುಡಿಸಲಿತ್ತು. ಅದು ಸೂಲಗಿತ್ತಿಯದು. ಆ ಊರಿನವರೆಲ್ಲ ಹುಟ್ಟಿದ್ದು ಅವಳ ಕೈಯಲ್ಲಿ, ಇಲ್ಲವೇ ಅವಳ ತಾಯಿಯ ಕೈಯಲ್ಲಿ. ಬೇಲಿಗೆ ಹಗ್ಗ ಹಿಡಿದು ಅಳೆಯುವ ದಿನ ಅವಳ ಗುಡಿಸಲು ಯಾರ ನೆನಪಿಗೂ ಬಂದಿರಲಿಲ್ಲ. ಗೌಡ ಬೇರೆ ದಾರಿ ಕಾಣದೆ ಅಲ್ಲಿಗೆ ಹೋಗಿ ನಿಂತ. ಅವಳು ಮುದ್ದೆ ತಿರುವುತ್ತಿದ್ದಳು.

"ನನ್ನನ್ನು ಹೊರಗಿಟ್ಟವರು ನೀವೂ ಹೊರಗೇ ಬಂದಿರಲ್ಲ ಗೌಡರೇ. ಒಳ್ಳೆಯದಾಯಿತು, ಕೂತುಕೊಳ್ಳಿ. ಸೌದೆ ಮಾತ್ರ ನಾಳೆಯಿಂದ ನೀವೇ ಒಡೆಯಬೇಕು."

ಒಳಗೆ ಜನ ಎರಡು ದಿನ ಸುಮ್ಮನಿದ್ದರು. ಮೂರನೆಯ ದಿನದಿಂದ ಕಟ್ಟೆಯ ಮೇಲೆ ಸಭೆ ಶುರುವಾಯಿತು. ರೋಗ ಮೈಯಿಂದ ಮೈಗೆ ಹತ್ತುತ್ತದೆ ಎಂಬುದನ್ನು ಎಲ್ಲರೂ ಮೈಗೆ ಮೈ ತಾಗಿಸಿ ಕುಳಿತು ಚರ್ಚೆ ಮಾಡಿದರು. ಬೇಲಿ ಇನ್ನೂ ಎತ್ತರ ಇರಬೇಕಿತ್ತು ಎಂದು ಅರ್ಧ ಜನ ಹೇಳಿದರು. ಬೇಲಿಯೇ ಬೇಡವಾಗಿತ್ತು ಎಂದು ಇನ್ನರ್ಧ ಜನ. ಗೌಡ ಸರಿಯಿಲ್ಲ ಎನ್ನುವುದರಲ್ಲಿ ಮಾತ್ರ ಇಡೀ ಊರಿಗೆ ಒಂದೇ ಮಾತು. ಊರನ್ನು ಬಿಟ್ಟು ತಾನೊಬ್ಬ ಹೊರಗೆ ಗಾಳಿ ಕುಡಿಯುತ್ತಾ ಆರಾಮವಾಗಿದ್ದಾನೆ ಎಂದರು.

ಸಭೆ ಮುಗಿದ ಮೇಲೆ ಪ್ರತಿಯೊಬ್ಬನೂ ತನ್ನ ಹಿತ್ತಿಲಿಗೆ ಹೋಗುತ್ತಿದ್ದ. ಹಿತ್ತಿಲಿನ ಹಿಂದೆ ಬೇಲಿ. ಬೇಲಿಯಲ್ಲಿ ಒಂದು ಕಂಡಿ. ಕಂಡಿಗೆ ಅಡ್ಡವಾಗಿ ಒಂದು ಮುಳ್ಳಿನ ಕೊಂಬೆ. ಕೊಂಬೆ ಎಳೆದರೆ ದಾರಿ, ಬಿಟ್ಟರೆ ಬೇಲಿ.

ವ್ಯಾಪಾರಿಗೆ ವೀಳ್ಯದೆಲೆ ಇಲ್ಲದೆ ಊಟ ಅರಗುತ್ತಿರಲಿಲ್ಲ. ಎಲೆಬಳ್ಳಿ ಇದ್ದದ್ದು ಪಕ್ಕದ ಊರಿನಲ್ಲಿ. ಪುರೋಹಿತನಿಗೆ ಆ ವರ್ಷ ಹೊರಗಿನ ಊರುಗಳಲ್ಲಿ ತಿಥಿಯ ಊಟಗಳು ಹೆಚ್ಚಾಗಿದ್ದವು. ರೈತನ ಎಮ್ಮೆ ಊರ ಹಿಂದೆ, ಬೇಲಿಯಾಚೆಯ ಹಳ್ಳದಲ್ಲಿ ಮುಳುಗದೆ ಹಾಲು ಕೊಡುತ್ತಿರಲಿಲ್ಲ. ಅವನ ಕಂಡಿ ಎಮ್ಮೆ ಹಿಡಿಸುವಷ್ಟು ದೊಡ್ಡದು. ತನ್ನದೊಂದು ಸಣ್ಣ ಕಂಡಿ, ಅದರಿಂದ ಏನಾದೀತು ಎಂದು ಎಲ್ಲರೂ ಅಂದುಕೊಂಡರು. ಎಮ್ಮೆಯವನೂ ಹಾಗೇ ಅಂದುಕೊಂಡ.

ಊರ ನಡುವೆ ಒಬ್ಬ ನೇಕಾರನಿದ್ದ. ಅವನ ಹಿತ್ತಿಲಿನ ಹಿಂದೆ ಇನ್ನೊಬ್ಬರ ಮನೆ, ಆ ಮನೆಯ ಹಿಂದೆ ಮತ್ತೊಬ್ಬರ ಮನೆ. ಬೇಲಿಯ ಒಂದು ಮುಳ್ಳೂ ಅವನ ಪಾಲಿಗೆ ಬಂದಿರಲಿಲ್ಲ. ಅವನ ಹೆಂಡತಿ ತುಂಬಿದ ಬಸುರಿ. ಹೋದ ಸಲದ ಮಗು ಉಳಿದಿರಲಿಲ್ಲ. ಅವಳು ಉಳಿದದ್ದು ಸೂಲಗಿತ್ತಿಯ ಕೈಗುಣದಿಂದ. ಹನ್ನೊಂದನೆಯ ದಿನ ಮಧ್ಯಾಹ್ನ ಅವಳಿಗೆ ನೋವು ಬಂತು.

ನೇಕಾರ ಬಾಗಿಲಿಗೆ ಓಡಿದ. ಸೂಲಗಿತ್ತಿಯನ್ನು ಕೂಗಿದ. ಅವಳು ಬಂದಳು. ಅವಳ ಹಿಂದೆ ಒಡೆದ ಸೌದೆ ಹೊತ್ತುಕೊಂಡು ಗೌಡನೂ ಬಂದ.

"ಅವಳನ್ನು ಒಳಗೆ ಬಿಡೋ, ನಾನು ಹೇಳುತ್ತಿದ್ದೇನೆ," ಎಂದ ಗೌಡ.

ಕಾವಲುಗಾರ ಹತ್ತಿ ತೆಗೆದು ಕೈಮುಗಿದ. "ಹೊರಗಿನವರ ಮಾತು ಕೇಳಬಾರದೆಂದು ಗೌಡರ ಅಪ್ಪಣೆ, ಗೌಡರೇ," ಎಂದು ಹೇಳಿ ಹತ್ತಿಯನ್ನು ಮತ್ತೆ ಇಟ್ಟುಕೊಂಡ.

ನೇಕಾರ ಕಟ್ಟೆಗೆ ಓಡಿದ. ಸಭೆ ಆಗಲೇ ತುಂಬಿತ್ತು.

"ಅಣ್ಣಗಳಿರಾ, ನನ್ನ ಹೆಂಡತಿಗೆ ನೋವು ಬಂದಿದೆ. ಬಾಗಿಲು ತೆಗೆಯುವುದಿಲ್ಲವಂತೆ. ಯಾರ ಹಿತ್ತಿಲಿನಲ್ಲಾದರೂ ಕಂಡಿ ಇದ್ದರೆ ಹೇಳಿ. ಸೂಲಗಿತ್ತಿಯನ್ನು ಕರೆತರುತ್ತೇನೆ."

ಪುರೋಹಿತ ಆಕಾಶ ನೋಡಿದ. ರೈತ ತನ್ನ ಕಾಲಿನ ಕೆಸರನ್ನು ಕಟ್ಟೆಗೆ ಒರೆಸಿದ. ಊರಿನಲ್ಲಿ ಎಲ್ಲೂ ಕೆಸರಿರಲಿಲ್ಲ.

"ಕಂಡಿಯೇ?" ಎಂದ ವ್ಯಾಪಾರಿ. ಅವನ ಬಾಯಿ ಎಲೆಯಡಿಕೆಯಿಂದ ಕೆಂಪಗಿತ್ತು. "ನಮ್ಮ ಬೇಲಿಯಲ್ಲೇ? ಎಂಥ ಮಾತಾಡುತ್ತೀಯಪ್ಪಾ! ಒಂದು ಇಲಿ ನುಸುಳಲಿ ನೋಡೋಣ."

"ಹೌದು, ಹೌದು," ಎಂದಿತು ಸಭೆ. ಆಮೇಲೆ ಸಭೆಗೆ ನೇಕಾರನ ಮೇಲೆ ಕನಿಕರ ಉಕ್ಕಿತು. ಕನಿಕರ ಉಕ್ಕಿದಷ್ಟೂ ಗೌಡನ ಮೇಲೆ ಸಿಟ್ಟು ಏರಿತು. ಒಬ್ಬ ಹೆಣ್ಣುಮಗಳ ಜೀವ ಹೋಗುವ ಹೊತ್ತಿನಲ್ಲೂ ಈ ಗೌಡನ ಅಪ್ಪಣೆ ಸಡಿಲವಾಗುವುದಿಲ್ಲವಲ್ಲ ಎಂದು ಹಲ್ಲು ಕಡಿದರು. ಕೂಡಲೇ ಗೌಡನಿಗೆ ಒಂದು ಮನವಿ ಬರೆಯಬೇಕು ಎಂದು ತೀರ್ಮಾನವಾಯಿತು. ಪುರೋಹಿತ ಬರೆದ. ಒಕ್ಕಣೆಯಲ್ಲಿ 'ದಯಮಾಡಿ' ಇರಬೇಕೋ 'ಕೂಡಲೇ' ಇರಬೇಕೋ ಎಂದು ಸ್ವಲ್ಪ ಹೊತ್ತು ಜಗಳವಾಯಿತು. ಎರಡನ್ನೂ ಹಾಕಿದರು. ಎಲ್ಲರೂ ಹೆಬ್ಬೆಟ್ಟು ಒತ್ತಿದರು.

"ಇದನ್ನು ಗೌಡನಿಗೆ ಮುಟ್ಟಿಸುವವರು ಯಾರು?" ಎಂದು ಪುರೋಹಿತ ಕೇಳಿದ.

"ಕೊಡಿ ಇಲ್ಲಿ, ಒಂದು ಗಳಿಗೆಯಲ್ಲಿ ಮುಟ್ಟಿಸಿ ಬರುತ್ತೇನೆ," ಎಂದು ವ್ಯಾಪಾರಿ ಎದ್ದ.

"ನೀನು ಯಾಕೆ, ನಾನು ಹೇಗೂ ಎಮ್ಮೆ ಹೊಡೆದುಕೊಂಡು..." ಎಂದು ರೈತ ಎದ್ದ. ಇನ್ನೂ ಐದಾರು ಜನ ಎದ್ದರು.

ನೇಕಾರ ಅವರನ್ನೆಲ್ಲ ನೋಡಿದ.

"ಯಾವ ದಾರಿಯಿಂದ ಮುಟ್ಟಿಸುತ್ತೀರಿ?"

ಎದ್ದವರು ಒಬ್ಬೊಬ್ಬರಾಗಿ ಕುಳಿತರು.

ನೇಕಾರ ಮತ್ತೆ ಕೇಳಲಿಲ್ಲ. ಮನೆಗೆ ಓಡಿದ. ಮಗ್ಗದ ಮೇಲಿದ್ದ ಅರ್ಧ ನೆಯ್ದ ಸೀರೆಯನ್ನು ಕತ್ತರಿಸಿಕೊಂಡ. ನೆರೆಯ ಹೆಂಗಸರು ಕೈಹಾಕಿದರು. ಹೆಂಡತಿಯನ್ನು ಮಂಚದ ಸಮೇತ ಹೊತ್ತು ಬಾಗಿಲ ಪಕ್ಕದ ಬೇಲಿಗೆ ತಂದರು. ಸೀರೆಯನ್ನು ಅಡ್ಡ ಕಟ್ಟಿದರು. ಸೂಲಗಿತ್ತಿ ಹೊರಗಿನಿಂದ ಮುಳ್ಳಿನ ನಡುವೆ ಎರಡು ಕೈಯನ್ನೂ ತೂರಿಸಿದಳು. ಮೊಣಕೈಯವರೆಗೆ ರಕ್ತ ಬಂತು.

"ಗೌಡರೇ, ನಿಂತು ನೋಡಬೇಡಿ, ಮುಳ್ಳು ಹಿಡಿದು ಅಗಲ ಮಾಡಿ!"

ಗೌಡ ತನ್ನ ಬೇಲಿಯನ್ನು ಬರಿಗೈಯಲ್ಲಿ ಹಿಡಿದ. ಅದು ಎಷ್ಟು ಒಳ್ಳೆಯ ಬೇಲಿ ಎಂಬುದು ಅವನಿಗೆ ಆಗ ಗೊತ್ತಾಯಿತು.

"ಅಯ್ಯೋ, ನನ್ನ ಕೈ!" ಎಂದ.

"ಕೈ ಅಂತೆ, ಕೈ!" ಎಂದು ಸೀರೆಯ ಆಚೆಯಿಂದ ನೇಕಾರನ ಹೆಂಡತಿ ಕೂಗಿದಳು. "ಬಂದು ನನ್ನ ಜಾಗದಲ್ಲಿ ಮಲಗಿ, ಗೊತ್ತಾಗುತ್ತದೆ!"

ಬಹಳ ಹೊತ್ತು ಮಗುವಿನ ಸದ್ದಿಲ್ಲ. ನೇಕಾರ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಕಟ್ಟೆಯ ಸಭೆ ಇಡೀ ಅಲ್ಲಿಗೆ ಬಂದು ನಿಂತಿತ್ತು. ಯಾರೂ ಗೌಡನನ್ನು ಬೈಯಲಿಲ್ಲ. ಆಮೇಲೆ ಮಗು ಅತ್ತಿತು. ಗಟ್ಟಿಯಾಗಿ ಅತ್ತಿತು. ತಾಯಿಯೂ ಉಳಿದಳು.

ಆ ಅಳು ಹತ್ತಿಯನ್ನೂ ದಾಟಿ ಕಾವಲುಗಾರನಿಗೆ ಕೇಳಿಸಿತು. ಅವನು ಬಂದು ಸೀರೆಯ ಈಚೆ ನಿಂತು ಗಂಟಲು ಸರಿಮಾಡಿಕೊಂಡ.

"ಮಗುವಿಗೆ ಹೊರಗಿನ ಕೈ ಮುಟ್ಟಿದೆ. ಅಪ್ಪಣೆಯ ಪ್ರಕಾರ ಅದು ಹೊರಗಿನ ವಸ್ತು, ಬೇಲಿಯ ಆಚೆ ಇರಬೇಕು."

"ಬಾರಪ್ಪ, ಎತ್ತಿಕೋ," ಎಂದಳು ತಾಯಿ. "ಹಾಲನ್ನೂ ನೀನೇ ಕುಡಿಸುವೆಯಂತೆ."

ಕಾವಲುಗಾರ ಹತ್ತಿಯನ್ನು ಮತ್ತೆ ಕಿವಿಗೆ ಇಟ್ಟುಕೊಂಡು ತನ್ನ ಜಾಗಕ್ಕೆ ಹೋದ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಇನ್ನೊಂದು ಹುಣಸೆಹಣ್ಣು ಎತ್ತಿಕೊಂಡರು.

ತಿಪ್ಪೇಶ ನಕ್ಕ. ನಕ್ಕು ನಕ್ಕು ಕಣ್ಣೊರೆಸಿಕೊಂಡ. ಆಮೇಲೆ ಅವನಿಗೆ ಸಿಟ್ಟು ಬಂತು.

"ಅಲ್ಲ ಗುರುಗಳೇ, ಗೌಡನದು ಹಾಗಿರಲಿ. ಊರು ತುಂಬ ಕಂಡಿಗಳು. ಅಲ್ಲೊಬ್ಬಳು ಸಾವು ಬದುಕಿನ ನಡುವೆ ಒದ್ದಾಡುತ್ತಿದ್ದಾಳೆ. ಒಬ್ಬನಿಗಾದರೂ ಬಾಯಿ ಬಿಡಲು ಏನಾಗಿತ್ತು? ಎಂಥ ಜನ ಅವರು!"

ಗುರುಗಳು ಹಣ್ಣಿನಿಂದ ಒಂದು ಬೀಜ ಬಿಡಿಸಿದರು.

"ನಿಮ್ಮೂರಿನ ದಾರಿಗೂ ಯಾರೂ ಓಡಾಡದ ಹಾಗೆ ಅಡ್ಡ ಮಣ್ಣು ಸುರಿದು ಒಂಬತ್ತು ದಿನವಾಯಿತಂತಲ್ಲ ತಿಪ್ಪೇಶ, ನೀನು ಬಂದ ಕಂಡಿ ಎಲ್ಲಿದೆ ಹೇಳಪ್ಪ, ನಾಳೆ ಯಾರಿಗಾದರೂ ಬೇಕಾದೀತು."

ತಿಪ್ಪೇಶ ಗದ್ದದ ಮೇಲಿದ್ದ ಮಾಸ್ಕನ್ನು ಮೂಗಿನ ಮೇಲಕ್ಕೆ ಏರಿಸಿದ.