ಯಂತ್ರದ ನೆತ್ತಿಯ ಜಾಗ

ಕಾಫಿ ಅಂಗಡಿಯ ಮುದಿ ಯಂತ್ರಕ್ಕೆ ಬೆಳಗಿನಿಂದ ಆವಿ ಕಕ್ಕಿ ಸಾಕಾಗಿತ್ತು. ತೊಳೆದ ಕಪ್ಪುಗಳು ಅದರ ನೆತ್ತಿಯ ಮೇಲೆ ಬೆಚ್ಚಗೆ ಬೋರಲಾಗಿ ಕೂರುವುದು ವಾಡಿಕೆ. ಅಂದು ಒಬ್ಬರಿಗಷ್ಟೇ ಜಾಗ ಉಳಿದಿತ್ತು. ಮಿಕ್ಕವರಿಗೆ ತಣ್ಣನೆಯ ಕಪಾಟೇ ಗತಿ.

"ಜಾಗ ನನ್ನದು. ನನ್ನಷ್ಟು ಹಾಲು ಯಾರು ಹೊರುತ್ತಾರೆ?" ಎಂದಿತು ಲಾಟೆಯ ಉದ್ದ ಲೋಟ.

"ಹಾಲನ್ನು ಎಮ್ಮೆಯೂ ಹೊರುತ್ತದೆ. ನನ್ನ ನೊರೆ ನೋಡು," ಎಂದಿತು ಕ್ಯಾಪುಚಿನೋ ಕಪ್ಪು.

"ಇವರಿಬ್ಬರೂ ಬೆರಕೆ, ಅಜ್ಜ. ನಾನೊಬ್ಬನೇ ಅಪ್ಪಟ," ಎಂದು ಯಂತ್ರಕ್ಕೆ ಹೇಳಿತು ಹಾಲು ಸೋಕದ ಎಸ್‌ಪ್ರೆಸೊದ ಪುಟ್ಟ ಕಪ್ಪು.

ಯಂತ್ರಕ್ಕೆ ವಾದ ಕೇಳುವ ತ್ರಾಣವಿರಲಿಲ್ಲ. "ಮೂವರಿಗೂ ನಾನು ಸುರಿಯುವುದು ಒಂದೇ ಡಿಕಾಕ್ಷನ್. ಈ ಸಲ ಅದನ್ನು ಬಿಟ್ಟು, ನಿಮ್ಮದೇನಿದೆಯೋ ಅದನ್ನಷ್ಟೇ ಹೊತ್ತು ಹೋಗಿ. ಗಿರಾಕಿ ಯಾರನ್ನು ಕುಡಿದು ಮುಗಿಸುತ್ತಾನೋ ಅವರಿಗೆ ಜಾಗ."

ಲೋಟ ಬರೀ ಹಾಲು ಹೊತ್ತು ಹೋಯಿತು. "ನಾನೇನು ಕೂಸೇ?" ಎಂದು ಗಿರಾಕಿ ದೂಡಿದ.

ಕ್ಯಾಪುಚಿನೋ ಹಾಲಿನ ಮೇಲೆ ನೊರೆ ಹೊತ್ತು ಹೋಯಿತು. "ಇದನ್ನು ಗಡ್ಡಕ್ಕೆ ಹಚ್ಚಿಕೊಳ್ಳಲೇ?" ಎಂದ ಗಿರಾಕಿ.

ಪುಟ್ಟ ಕಪ್ಪು ಇಬ್ಬರನ್ನೂ ನೋಡಿ ಗಹಗಹಿಸಿ ನಕ್ಕಿತು. ಆಮೇಲೆ ಹೊರಡಲು ಎದ್ದು ತನ್ನೊಳಗೆ ಇಣುಕಿತು. ಒಳಗೆ ಏನೂ ಇರಲಿಲ್ಲ.

"ಅಜ್ಜ, ನನಗೆ ಸ್ವಲ್ಪ..." ಎಂದಿತು ಮೆಲ್ಲಗೆ.

"ಅಪ್ಪಟವಾಗಿದ್ದದ್ದು ಡಿಕಾಕ್ಷನ್ ಕಣಪ್ಪ, ನೀನಲ್ಲ," ಎಂದಿತು ಯಂತ್ರ. "ಮೂವರೂ ಕಪಾಟಿಗೆ ನಡೆಯಿರಿ. ಆ ಜಾಗ ಖಾಲಿಯೇ ಇರಲಿ. ನನಗೆ ತಲೆಭಾರ ಅಷ್ಟಾದರೂ ಕಡಿಮೆಯಾದೀತು."