ಮುರಿಗಾಳದ ಕೆರೆ

ಮರಿ ಕಾಯುವ ಮೀನಿಗೆ ಗಾಳ ಹಾಕಬಾರದು. ಕೆಂಚನಮೊರಡಿ ವನ್ಯಧಾಮದ ಐದು ಕೆರೆಗಳಲ್ಲಿ ಹಿರಿದಾದ ಮುರಿಗಾಳದ ಕೆರೆಗೆ ಗಾಳ ಹಿಡಿದು ಬರುವ ಯಾರಿಗೇ ಆಗಲಿ, ಏರಿಯ ಮೇಲಿನ ಕಾವಲುಗಾರ ಮೊದಲು ಹೇಳುವ ಮಾತು ಇದು; ಚೀಟಿ ಕೇಳುವುದು ಆಮೇಲೆ. ಪ್ರತಿವರ್ಷ ಮುಂಗಾರು ಹಿಡಿದು, ಕುಚ್ಚುಮೀನಿನ ಮರಿಗಳು ಬಲಿತು ಚದುರುವ ಹೊತ್ತಿಗೆ, ಇಲಾಖೆಯವರು ಅವುಗಳಲ್ಲಿ ಕೆಲವನ್ನು ಎತ್ತಿ ಡ್ರಮ್ಮುಗಳಲ್ಲಿ ತುಂಬಿಕೊಂಡು ಹೋಗಿ ಉಳಿದ ನಾಲ್ಕು ಕೆರೆಗಳಿಗೆ ಬಿಡುತ್ತಾರೆ. ಹೊರಗಿನಿಂದ ಮರಿ ತಂದು ಈ ಕೆರೆಗೆ ಬಿಡಬೇಕಾದ ಪ್ರಸಂಗ ಇದುವರೆಗೆ ಬಂದಿಲ್ಲವೆಂದು ಸುತ್ತಲಿನ ಊರಿನವರು ಎದೆಯುಬ್ಬಿಸಿ ಹೇಳುತ್ತಾರೆ. ಹೆಮ್ಮೆ ಪಡತಕ್ಕ ಮಾತೇ ಅದು. ಆದರೆ ಈ ಕಟ್ಟಳೆ ಇಲಾಖೆಯದ್ದಲ್ಲ. ಅದು ಕೆರೆಯಷ್ಟೇ ಹಳೆಯದು. ಮತ್ತು ಅದನ್ನು ಮಾಡಿದವರೇ, ಒಬ್ಬನ ಹೊರತು, ಎಲ್ಲರೂ ಅದನ್ನು ಮುರಿದರು.

ಹಿಂದೆ ಒಮ್ಮೆ ಈ ಸೀಮೆಯನ್ನು ಜಟಂಗಿನಾಯಕನೆಂಬ ಪಾಳೆಯಗಾರ ಆಳುತ್ತಿದ್ದ. ಎರಡು ಮೊರಡಿಗಳ ನಡುವೆ ಏರಿ ಹಾಕಿಸಿ ಈ ಕೆರೆ ಕಟ್ಟಿಸಿದವನು ಅವನೇ ಎನ್ನುತ್ತಾರೆ. ನೀರು ನಿಂತಿತು, ಮೀನಿರಲಿಲ್ಲ. ನಾಯಕ ದೂರದ ಹೊಳೆಯ ದಡದಿಂದ ಬೆಸ್ತರ ಕೆಲವು ಮನೆಗಳನ್ನು ಕರೆಸಿ, ಏರಿಯ ಕೆಳಗೆ ಜಾಗ ಕೊಟ್ಟು, ಕೆರೆಗೆ ಮೀನು ತುಂಬುವ ಕೆಲಸ ಒಪ್ಪಿಸಿದ. ಕುಚ್ಚುಮೀನಿಗೆ ಹಾವಿನಂಥ ತಲೆ. ಆಗಾಗ ಮೇಲೆ ಬಂದು ಗಾಳಿ ನುಂಗುವ ಅಭ್ಯಾಸ. ಒದ್ದೆ ಪಾಚಿಯಲ್ಲಿ ಮಲಗಿಸಿದರೆ ನೀರಿಲ್ಲದೆಯೂ ಬಹಳ ಹೊತ್ತು ಬದುಕುತ್ತದೆ. ಹೆಂಗಸರು ಗಡಿಗೆಗಳಲ್ಲಿ ಪಾಚಿ ತುಂಬಿ, ಅದರೊಳಗೆ ಜೋಡಿ ಮೀನುಗಳನ್ನಿಟ್ಟು, ಸೊಂಟದ ಮೇಲೆ ಹೊತ್ತು ಹೊಳೆಯಿಂದ ನಡೆದೇ ಬಂದರು. ಗಾಳದಲ್ಲಿ ಎಲ್ಲರಿಗಿಂತ ಪಳಗಿದ ಚಿತ್ತಯ್ಯನ ಹೆಂಡತಿ ಸೂರಮ್ಮ ಕುಡಿಯಲೆಂದು ತಂದಿದ್ದ ನೀರನ್ನೆಲ್ಲ ದಾರಿಯುದ್ದಕ್ಕೂ ಗಡಿಗೆಯ ಪಾಚಿಗೇ ಚಿಮುಕಿಸಿದಳಂತೆ.

ಮೀನು ಬಿಟ್ಟ ದಿನ ಬೆಸ್ತರ ಯಜಮಾನ ಪಾಪಯ್ಯ ಎಲ್ಲರಿಗೂ ಕೆರೆಯ ನೀರು ಮುಟ್ಟಿಸಿ ಮಾತು ತೆಗೆದುಕೊಂಡ. ಕುಚ್ಚುಮೀನಿನ ಮರಿಗಳು ನೀರಿನ ಮೇಲೆ ಕೆಂಪು ಬಟ್ಟೆ ಹರವಿದಂತೆ ಗುಂಪಾಗಿ ತೇಲುತ್ತವೆ. ತಾಯಿ ತಂದೆ ಕೆಳಗೆ ಸುತ್ತುತ್ತ ಕಾಯುತ್ತವೆ. ಆ ಕೆಂಪಿನ ಮೇಲೆ ಕಪ್ಪೆ ಸಿಕ್ಕಿಸಿದ ಗಾಳ ಎಳೆದರೆ ಹಸಿವಿಲ್ಲದಿದ್ದರೂ ಸಿಟ್ಟಿಗೆ ಹಾರಿ ಕಚ್ಚುತ್ತವೆ. ಅದಕ್ಕೆ ಬೆಸ್ತನ ಕೈಚಳಕವೇನೂ ಬೇಕಾಗಿಲ್ಲ. ಅಂಥ ಮೀನನ್ನು ಹಿಡಿಯಬಾರದೆಂಬುದೇ ಆ ಮಾತು. ಸುಲಭವಾದದ್ದನ್ನು ಬಿಡಬೇಕೆಂಬ ಕಟ್ಟಳೆಯಾದ್ದರಿಂದ ಅದನ್ನು ಪಾಲಿಸುವುದು ಕಷ್ಟವೆಂದು ಆ ದಿನ ಯಾರಿಗೂ ಹೊಳೆಯಲಿಲ್ಲ.

ಮೀನು ಹೆಚ್ಚಿದವು. ಕೆಲವು ಮಳೆಗಾಲಗಳು ಕಳೆದು ಕೆರೆ ಮೊದಲ ಬಾರಿಗೆ ಕೋಡಿ ಬಿದ್ದ ವರ್ಷ ನಾಯಕ ನೆಂಟರಿಷ್ಟರೊಡನೆ ಬಂದು ಏರಿಯ ಬದಿಯಲ್ಲಿ ಬೀಡುಬಿಟ್ಟ. ತಾನು ಹೊರಡುವಷ್ಟರಲ್ಲಿ ಅತಿ ದೊಡ್ಡ ಮೀನು ತಂದ ಮನೆಗೆ ಕೆರೆಯ ಮೀನಿನ ಹಕ್ಕು ವಂಶಪಾರಂಪರ್ಯವಾಗಿ ಸಲ್ಲುತ್ತದೆ, ಉಳಿದವರು ಆ ಮನೆಯ ಕೈಕೆಳಗೆ ದುಡಿಯಬೇಕು ಎಂದು ಸಾರಿಸಿದ. ಹೊಸ ನೀರು ಕದಡಿತ್ತು. ನಡುಗೆರೆಯಲ್ಲಿ ಮೀನು ಗಾಳ ಮೂಸಲಿಲ್ಲ. ಮೊದಲು ಕೆಂಪಿನ ಮೇಲೆ ಗಾಳ ಎಳೆದವನು ಕಾಟಯ್ಯನೆಂಬ ಬೆಸ್ತ. ತಾನು ಎಳೆಯಲಿಲ್ಲ, ಗಾಳಿ ಎಳೆಯಿತು ಎಂದ. ಮರುದಿನ ಬೇರೆಯವರಿಗೂ ಗಾಳಿ ಬೀಸಿತು. ಕೊನೆಗೆ ಯಜಮಾನ ಪಾಪಯ್ಯನೇ, ಮಾತು ಕೊಟ್ಟದ್ದು ಹೊಸ ಕೆರೆಗೆ, ಕೋಡಿ ಬಿದ್ದ ಕೆರೆಯನ್ನು ಹೊಸದೆನ್ನಲಾದೀತೇ ಎಂದು ತರ್ಕ ಹೂಡಿ ಗಾಳ ಕೈಗೆತ್ತಿಕೊಂಡ. ಕಾವಲು ತಪ್ಪಿದ ಮರಿಗಳನ್ನು ಕೊಕ್ಕರೆಗಳೂ ನೀರುಹಾವುಗಳೂ ಬಳಿದು ತಿಂದವು. ಅಲ್ಲಲ್ಲಿ ತೇಲುತ್ತಿದ್ದ ಕೆಂಪು ಒಂದೊಂದಾಗಿ ಅಳಿದು, ಕೊನೆಗೆ ತೂಬಿನ ಬಳಿ ಒಂದೇ ಒಂದು ಉಳಿಯಿತು. ಅದನ್ನು ಕಾಯುತ್ತಿದ್ದ ತಾಯಿಮೀನು ಗಾಳಗಳನ್ನೆಲ್ಲ ಕಿತ್ತುಕೊಂಡು ಹೋಗುವಷ್ಟು ದೊಡ್ಡದು. ಅದನ್ನು ತಡೆಯಬಲ್ಲ ಗಾಳ ಇದ್ದದ್ದು ಚಿತ್ತಯ್ಯನೊಬ್ಬನ ಬಳಿ. ಸವೆದ ನೇಗಿಲ ಕುಳದ ಕಬ್ಬಿಣದಿಂದ ಅವನ ಅಪ್ಪ ಬಡಿದು ಹದಮಾಡಿದ್ದು. ಅಷ್ಟು ದಿನವೂ ಅವನು ಅದನ್ನು ನೀರಿಗಿಳಿಸಿರಲಿಲ್ಲ.

"ಏನ್ ಚಿತ್ತಣ್ಣ, ತುಕ್ಕು ಹಿಡಿದಿರೋದು ಗಾಳಕ್ಕೋ, ಕೈಗೋ?" ಎಂದು ಕಾಟಯ್ಯ ಏರಿಯ ಮೇಲಿಂದಲೇ ಕೂಗಿದ. "ಕೈ ಜೋಪಾನ. ನಾಳೆಯಿಂದ ನಮ್ಮನೆ ಬಲೆ ಒಗೆಯೋದಕ್ಕೆ ಬೇಕಾಗ್ತದೆ."

ಅದು ಬರಿಯ ತಮಾಷೆಯಲ್ಲವೆಂದು ಚಿತ್ತಯ್ಯನಿಗೆ ಗೊತ್ತಿತ್ತು. ಅದುವರೆಗೆ ಸಿಕ್ಕ ಮೀನುಗಳಲ್ಲಿ ಕಾಟಯ್ಯನದೇ ಎಲ್ಲಕ್ಕಿಂತ ದೊಡ್ಡದು. ಮನೆಯಲ್ಲಿ ಸೂರಮ್ಮನೂ ಸುಮ್ಮನಿರಲಿಲ್ಲ. "ನನ್ನ ಮಕ್ಕಳು ಕಾಟಯ್ಯನ ಬಲೆ ಒಗೀಲಿ ಅಂತಲಾ ನಾನು ಆ ಗಡಿಗೆ ಹೊತ್ತದ್ದು?" ಎಂದಳು. ಒಂದೇ ಎಸೆತಕ್ಕೆ ಆ ಮೀನು ತನ್ನದಾಗುತ್ತದೆ, ಮಕ್ಕಳು ಮೊಮ್ಮಕ್ಕಳು ತಲೆಯೆತ್ತಿ ಬಾಳುತ್ತಾರೆ ಎಂಬುದನ್ನು ಚಿತ್ತಯ್ಯನಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರೂ ಇರಲಿಲ್ಲ. ಗಾಳಕ್ಕೆ ಕಪ್ಪೆ ಕಟ್ಟಿಕೊಂಡು ಹೊರಟ.

ಸುದ್ದಿ ಕೇಳಿ ನಾಯಕನೂ ಬಂದ, ಊರೂ ಸೇರಿತು. ಚಿತ್ತಯ್ಯ ತೂಬಿನ ಕಲ್ಲಿನ ಮೇಲೆ ನಿಂತ. ಅವನ ನೆರಳು ಬಿದ್ದೊಡನೆ ಮರಿಗಳು ಮುದ್ದೆಯಾದವು. ತಾಯಿಮೀನು ಮೇಲೆ ಬಂದು ಗಾಳಿ ನುಂಗಿ, ಓಡಿಹೋಗದೆ, ಅವನಿಗೂ ಮರಿಗಳಿಗೂ ನಡುವೆ ಅಡ್ಡವಾಗಿ ನಿಂತಿತು. ಅವನು ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ ಕುಳಿತು, ಕಟ್ಟಿದ್ದ ಕಪ್ಪೆಯನ್ನು ಬಿಚ್ಚಿ ಹುಲ್ಲಿಗೆ ಬಿಟ್ಟ.

"ಕಣ್ಣೆದುರಿಗೇ ಇದೆ. ಇನ್ನೇನು ತಡ?" ಎಂದ ನಾಯಕ.

"ಹಸಿದು ಕಚ್ಚಿದ್ದರೆ ನನ್ನದು, ಬುದ್ಧಿ. ಮರಿಗೋಸ್ಕರ ಕಚ್ಚೋದು ನನ್ನದಲ್ಲ."

"ನಿನ್ನ ಮನೆಯವರೆಲ್ಲ ಇನ್ನೊಬ್ಬರ ಕೈಕೆಳಗೆ ಬೀಳ್ತಾರೆ."

"ದುಡೀತೀವಿ, ಬುದ್ಧಿ."

ನಾಯಕ ಕೈಚಾಚಿದ. "ಹಾಗಿದ್ದರೆ ಗಾಳ ಇತ್ತ ಕೊಡು. ನಾನೇ ಹಾಕ್ತೀನಿ."

ಮುಂದಿನದನ್ನು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೇಳುತ್ತಾರೆ. ಹಿಂದಿನ ರಾತ್ರಿ ಗಂಗಮ್ಮ ಕನಸಿನಲ್ಲಿ ಬಂದು ಅಪ್ಪಣೆ ಕೊಟ್ಟಿದ್ದಳೆಂಬುದು ಆಮೇಲೆ ಸೇರಿಸಿದ ಮಾತು. ಚಿತ್ತಯ್ಯನಿಗೆ ಸಲ್ಲಬೇಕಾದದ್ದನ್ನು ದೇವತೆಯ ಹೆಸರಿಗೆ ಬರೆಯಬೇಕಾಗಿಲ್ಲ. ನಾಯಕ ಅವನನ್ನು ಹೊಡೆಸಿದನೆಂದೂ, ತಲೆತಗ್ಗಿಸಿ ಹೊರಟುಹೋದನೆಂದೂ ಹೇಳುವುದುಂಟು, ಎರಡಕ್ಕೂ ಆಧಾರವಿಲ್ಲ. ಹಕ್ಕು ಕಾಟಯ್ಯನ ಮನೆಗೆ ಹೋಯಿತು, ಚಿತ್ತಯ್ಯನ ಮಕ್ಕಳು ಬಲೆ ಒಗೆದರು ಎಂಬುದರಲ್ಲಿ ಮಾತ್ರ ಎಲ್ಲರದೂ ಒಮ್ಮತ. ಬಲೆ ಒಗೆಯುತ್ತಿದ್ದ ಸೂರಮ್ಮನನ್ನು ಯಾರೋ ಕೆಣಕಿದಾಗ ಅವಳು, "ಬಲೆ ಕಾಟಯ್ಯಂದು. ಒಳಗಿರೋ ಮೀನು ಯಾರಿಂದ ಉಳೀತು ಅಂತ ಅವನನ್ನೇ ಕೇಳು" ಎಂದಳಂತೆ. ಕೆರೆಗೆ ನಾಯಕ ಇಟ್ಟ ಹೆಸರು ಜಟಂಗಿಸಮುದ್ರ. ಆ ಹೆಸರು ಈಗ ಯಾರ ಬಾಯಲ್ಲೂ ಇಲ್ಲ. ಕಾಟಯ್ಯನ ವಂಶದವರೂ ಮುರಿಗಾಳದ ಕೆರೆ ಎಂದೇ ಕರೆಯುತ್ತಾರೆ.

ಮುಂಗಾರಿನಲ್ಲಿ ಬಂದವರಿಗೆ ತೂಬಿನ ಬಳಿ ಇಂದಿಗೂ ನೀರಿನ ಮೇಲೆ ಕೆಂಪು ಹರವಿದ್ದು ಕಾಣುತ್ತದೆ. ತೂಬಿನ ಕಲ್ಲಿನ ಅಂಚಿನಲ್ಲಿ ಹೆಬ್ಬೆರಳು ಹಿಡಿಸುವಷ್ಟು ಒಂದು ಕಚ್ಚು ಇದೆ. ಪಟ್ಟಣದಿಂದ ದುಬಾರಿ ರೀಲು ಹಿಡಿದು ಬಂದವರು ಕೂಡ ಮೊದಲ ಎಸೆತಕ್ಕೆ ಮುಂಚೆ ತಮ್ಮ ಗಾಳವನ್ನು ಆ ಕಚ್ಚಿನಲ್ಲಿ ಒಮ್ಮೆ ಇಟ್ಟು ತೆಗೆಯುತ್ತಾರೆ. ನಾಯಕನ ಚಾಚಿದ ಕೈಯ ಮುಂದೆ, ಊರೆಲ್ಲ ನೋಡುತ್ತಿದ್ದಂತೆ, ಅಪ್ಪ ಬಡಿದುಕೊಟ್ಟ ಗಾಳವನ್ನು ಚಿತ್ತಯ್ಯ ಅಲ್ಲಿಯೇ ಇಟ್ಟು, ಗುಂಡುಕಲ್ಲೆತ್ತಿ ಎರಡು ತುಂಡು ಮಾಡಿದ.